ಹಾಸನದಲ್ಲಿ ವರದಿಗಾರ, ಸಲಿಂಗಿ: ಆಫೀಸಿನಲ್ಲಿ ಹೇಳಬೇಕಾ?

ಪ್ರಶ್ನೆ: ನನಗೆ 27 ವರ್ಷ. ಹಾಸನದಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಅದೇ ಸಂಸ್ಥೆಯ ಯೂಟ್ಯೂಬ್ ಚಾನೆಲ್‌ನಲ್ಲಿ ಸುದ್ದಿಯನ್ನೂ ಓದುತ್ತೇನೆ. ನಾನು ಸಲಿಂಗಿ. ಗೆಳೆಯ ಚಿಕ್ಕಮಗಳೂರಿನಲ್ಲಿದ್ದಾನೆ. ಮನೆಯಲ್ಲಿ ಗೊತ್ತಿಲ್ಲ. ಆಫೀಸಿನಲ್ಲಿ ಕೆಲವರಿಗೆ ಅನುಮಾನ, ಆಗಾಗ ತಮಾಷೆ ನಡೆಯುತ್ತದೆ. ಈಚೆಗೆ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜ್‌ನಲ್ಲಿ ಇಬ್ಬರು ಹುಡುಗರು ಸಿಕ್ಕಿಬಿದ್ದರು ಅನ್ನೋ ಸುದ್ದಿಯನ್ನು ನನಗೇ ಬರೆಯಲು ಹೇಳಿದರು. ಹುಷಾರಿಲ್ಲ ಅಂತ ಹೇಳಿ ರೂಮಿಗೆ ಬಂದೆ. ಮಾರನೇ ದಿನ ಬೇರೆಯವರು ಬರೆದಿದ್ದು ಹೆಸರು, ಊರು ಸಮೇತ ಅಚ್ಚಾಗಿತ್ತು. ಆಫೀಸಿನಲ್ಲಿ ಹೇಳಿಬಿಡಲಾ? ಬೆಂಗಳೂರಿಗೆ ಹೋಗಿಬಿಡಲಾ? ನಾವಿಬ್ಬರೂ ಒಟ್ಟಿಗೆ ಮನೆ ಮಾಡೋದು ಈ ಕಡೆ ಸಾಧ್ಯಾನಾ? ಅಥವಾ ಈ ಕೆಲಸವೇ ನನ್ನಂಥವರಿಗೆ ಅಲ್ವಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಇಡೀ ಆಫೀಸಿಗೆ ಈಗಲೇ ಹೇಳಬೇಡಿ. ಒಬ್ಬರಿಗೆ ಹೇಳಿ, ಯಾರಿಗೆ ಅನ್ನೋದನ್ನ ಮುಂದೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಒಳ್ಳೆ ಕೆಲಸ ಸಿಕ್ಕರೆ ಹೋಗಿ, ಹೆದರಿಕೊಂಡು ಓಡಿ ಹೋಗಬೇಡಿ. ಕೆಲಸ ಬಿಡೋ ಮಾತಂತೂ ಬೇಡವೇ ಬೇಡ.

ನಾನೂ ಸಲಿಂಗಿಯೇ. ಬಹಳ ವರ್ಷ ಪತ್ರಿಕೆಗಳ ಡೆಸ್ಕ್‌ನಲ್ಲಿ ಜಿಲ್ಲಾ ಪುಟ ನೋಡಿಕೊಂಡಿದ್ದವನು, ಈಗ ಪತ್ರಿಕೋದ್ಯಮ ಓದುವ ಹುಡುಗರಿಗೆ ಪಾಠ ಹೇಳುತ್ತೇನೆ. ನಿಮ್ಮಂಥ ಪ್ರಶ್ನೆ ಇಟ್ಟುಕೊಂಡು ಬರುವವರ ಜೊತೆ ಕೂತು ಮಾತಾಡುತ್ತೇನೆ. ಹಾಗಾಗಿ ಪುಸ್ತಕದ ಮಾತಿಗಿಂತ ಕೆಲಸದ ಮಾತೇ ಇಲ್ಲಿ ಜಾಸ್ತಿ.

ಲಾಡ್ಜ್ ಸುದ್ದಿಯಿಂದ ಶುರು ಮಾಡೋಣ. ನಿಮ್ಮನ್ನು ಜಾಸ್ತಿ ಕಾಡುತ್ತಿರೋದು ಅದೇ ಅಂತ ಕಾಣುತ್ತದೆ. ಅದನ್ನು ಬರೆಯದೆ ಎದ್ದು ಬಂದಿರಿ. ನಿಮ್ಮ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಮುಂದಿನ ಸಲ ಎದ್ದು ಬರಬೇಡಿ, ಆ ಸುದ್ದಿಯನ್ನು ನೀವೇ ಇಟ್ಟುಕೊಳ್ಳಿ. ಇಟ್ಟುಕೊಂಡು ಠಾಣೆಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ. ಯಾವ ಸೆಕ್ಷನ್ ಸರ್? ಎಫ್‌ಐಆರ್ ನಂಬರ್ ಎಷ್ಟು? ದೂರು ಕೊಟ್ಟಿದ್ದು ಯಾರು? ಬಹಳ ಸಲ ಆ ಕಡೆಯಿಂದ ಉತ್ತರವೇ ಬರಲ್ಲ, ಯಾಕಂದ್ರೆ ಪ್ರಕರಣವೇ ಇರಲ್ಲ. ಯಾರೋ ಬಾಗಿಲು ತಟ್ಟಿ, ಫೋಟೋ ಹೊಡೆದು, ವಾಟ್ಸಾಪ್ ಗ್ರೂಪಿಗೆ ಹಾಕಿರುತ್ತಾರೆ ಅಷ್ಟೇ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರಿಬ್ಬರು ಒಪ್ಪಿ ಖಾಸಗಿಯಾಗಿ ಸೇರಿದರೆ ಅದು ಅಪರಾಧ ಅಲ್ಲ ಅಂತ ಹೇಳಿತು. ಅದನ್ನು ಅಪರಾಧ ಅಂತಿದ್ದ ಹಳೇ ದಂಡ ಸಂಹಿತೆಯ 377ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಹಾಗಿದ್ದ ಮೇಲೆ ಇಬ್ಬರು ವಯಸ್ಕರು ರೂಮ್ ಮಾಡಿಕೊಂಡಿದ್ದರು ಅನ್ನೋದು ಸುದ್ದಿ ಹೇಗಾಗುತ್ತದೆ? ಅವರ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಹಾಕಿದರೆ ಆ ಹುಡುಗರು ಮತ್ತೆ ಊರಿಗೆ ಕಾಲಿಡೋದು ಹೇಗೆ? ಹೊಳೆನರಸೀಪುರದ ಪಕ್ಕದ ಹಳ್ಳಿಯೋ, ಆಲೂರಿನ ಕಡೆಯೋ, ಎಲ್ಲ ಕಡೆ ಪತ್ರಿಕೆ ಹೋಗುತ್ತದೆ. ಮೊಬೈಲ್ ಅಂತೂ ಅದಕ್ಕಿಂತ ಮುಂಚೆ ಹೋಗಿರುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ. ಆ ಹುಡುಗರ ಹತ್ತಿರ ಯಾರಾದರೂ ದುಡ್ಡು ಕಿತ್ತುಕೊಂಡಿದ್ದಾರಾ, ಹೊಡೆದಿದ್ದಾರಾ ಅಂತ ಕೇಳಿ. ಹೌದು ಅಂತಾದರೆ ನಿಮ್ಮ ಕೈಯಲ್ಲಿರೋದು ನಿಜವಾದ ಸುದ್ದಿ. ಗ್ರೂಪಿನಲ್ಲಿ ಬಂದ ತಲೆಬರಹ ‘ಲಾಡ್ಜ್‌ನಲ್ಲಿ ಯುವಕರ ಅಸಹ್ಯ ಕೃತ್ಯ’ ಅಂತಿರುತ್ತದೆ. ನೀವು ಕಳಿಸೋದು ‘ಯುವಕರ ಮೇಲೆ ಹಲ್ಲೆ, ಹಣ ಸುಲಿಗೆ: ಮೂವರ ವಿರುದ್ಧ ಪ್ರಕರಣ’ ಅಂತ. ಸಂತ್ರಸ್ತರ ಹೆಸರಿಲ್ಲ, ಊರಿಲ್ಲ, ಲಾಡ್ಜ್ ಹೆಸರೂ ಬೇಡ. ಆರು ಸಾಲು ಸಾಕು. ಸುದ್ದಿ ಅದೇ ಜಾಗದಲ್ಲಿ ನಡೆದಿದ್ದು, ಆದರೆ ಅಪರಾಧಿ ಯಾರು ಅನ್ನೋದು ಈಗ ಸರಿಯಾಗಿದೆ. ಈ ಕೆಲಸವನ್ನು ನಿಮ್ಮ ಬಗ್ಗೆ ಒಂದು ಮಾತೂ ಹೇಳದೆ ನೀವು ನಾಳೆಯೇ ಮಾಡಬಹುದು. ಕ್ರೈಂ ಸುದ್ದಿಯನ್ನು ಸರಿಯಾಗಿ ಬರೆಯೋದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಸಂಪಾದಕರು ಒಪ್ಪದಿದ್ದರೆ? ಅವರಿಗೆ ಮಾನವೀಯತೆಯ ಪಾಠ ಹೇಳಲು ಹೋಗಬೇಡಿ, ಪುಟ ಕಟ್ಟುವ ಹೊತ್ತಲ್ಲಿ ಅದು ಯಾರ ಕಿವಿಗೂ ಬೀಳಲ್ಲ. ಸಂಸ್ಥೆಗೆ ಬರುವ ತೊಂದರೆ ಹೇಳಿ. 2011ರಲ್ಲಿ ಹೈದರಾಬಾದಿನಲ್ಲಿ ಒಂದು ತೆಲುಗು ಸುದ್ದಿ ವಾಹಿನಿ ಗೇ ಹುಡುಗರ ಮೇಲೆ ಗುಟ್ಟಾಗಿ ಕಾರ್ಯಾಚರಣೆ ಮಾಡಿ, ಅವರ ಮಾತು, ಮುಖ ಎಲ್ಲ ತೋರಿಸಿತ್ತು. ಸುದ್ದಿ ವಾಹಿನಿಗಳದ್ದೇ ಸ್ವಯಂ ನಿಯಂತ್ರಣ ಪ್ರಾಧಿಕಾರ ಅದಕ್ಕೆ 1 ಲಕ್ಷ ರೂಪಾಯಿ ದಂಡ ಹಾಕಿತು, ತೆರೆಯ ಮೇಲೆ ಕ್ಷಮೆ ಕೇಳಿ ಅಂತಲೂ ಹೇಳಿತು. ಆಗ 377 ವಿಷಯ ಇನ್ನೂ ಇತ್ಯರ್ಥ ಆಗಿರಲಿಲ್ಲ ಅನ್ನೋದನ್ನ ನೆನಪಿಡಿ. ಪತ್ರಿಕೆಗಳಿಗೆ ಭಾರತೀಯ ಪತ್ರಿಕಾ ಮಂಡಳಿಯ ನಿಯಮಾವಳಿ ಇದೆ, ಖಾಸಗಿತನದ ಬಗ್ಗೆ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಮಂಡಳಿಗೆ ದಂಡ ಹಾಕುವ ಅಧಿಕಾರ ಇಲ್ಲ, ಛೀಮಾರಿ ಹಾಕಬಹುದು. ಅದೂ ಸಂಪಾದಕರಿಗೆ ಹಿತವಾದ ಸಂಗತಿ ಅಲ್ಲ ಅಲ್ವಾ?

ಈಗ ಆಫೀಸಿನಲ್ಲಿ ಹೇಳೋ ವಿಷಯ.

ಬೆಂಗಳೂರಿನಲ್ಲಿ ಕೂತು ಸಲಹೆ ಕೊಡೋರು ಸಾಮಾನ್ಯವಾಗಿ ಒಂದು ಮಾತು ಮರೆಯುತ್ತಾರೆ. ಅಲ್ಲಿ ನ್ಯೂಸ್‌ರೂಮ್ ಅಂದ್ರೆ ದೊಡ್ಡ ಹಾಲ್, ಎಚ್‌ಆರ್ ಇರುತ್ತದೆ, ಪಾಲಿಸಿ ಇರುತ್ತದೆ. ಹಾಸನದಲ್ಲಿ ಬ್ಯೂರೋ ಅಂದ್ರೆ ನಾಲ್ಕು ಕುರ್ಚಿ, ಒಂದು ಪ್ರಿಂಟರ್. ನಿಮ್ಮ ನಿಜವಾದ ಆಫೀಸು ಹೊರಗಡೆ ಇದೆ. ಎನ್.ಆರ್. ಸರ್ಕಲ್‌ನ ಟೀ ಅಂಗಡಿ, ಡಿಸಿ ಕಚೇರಿಯ ಕಾರಿಡಾರ್, ಪ್ರೆಸ್ ಮೀಟ್ ಮುಗಿದ ಮೇಲಿನ ಊಟ, ಆನೆ ಬಂತು ಅಂತ ಸಕಲೇಶಪುರದಿಂದ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವ ಪರಿಚಯದವರು. ಬೆಳಿಗ್ಗೆ ಒಬ್ಬರ ಕಿವಿಗೆ ಬಿದ್ದ ಮಾತು ಸಂಜೆಗೆ ಅರಸೀಕೆರೆ ಮುಟ್ಟುತ್ತದೆ. ಸಹೋದ್ಯೋಗಿಗಳು ನಕ್ಕರೆ ಅದನ್ನು ತಡೆದುಕೊಳ್ಳಬಹುದು. ನಾಳೆ ನೀವು ಮರಳಿನ ಬಗ್ಗೆಯೋ, ಕೆರೆ ಒತ್ತುವರಿ ಬಗ್ಗೆಯೋ ಬರೆದಾಗ, ಅದರಲ್ಲಿ ಸಿಕ್ಕಿಕೊಂಡವನು ನಿಮ್ಮ ಖಾಸಗಿ ಬದುಕನ್ನೇ ಹಿಡಿದು ನಿಮ್ಮ ಬಾಯಿ ಮುಚ್ಚಿಸಲು ನೋಡುತ್ತಾನೆ. ‘ನಿಮ್ಮ ರಿಪೋರ್ಟರ್ ಎಂಥೋನು ಗೊತ್ತಾ ಸರ್’ ಅಂತ ಆಫೀಸಿಗೆ ಒಂದು ಫೋನ್ ಬರುತ್ತದೆ. ನಿಜವಾದ ಅಪಾಯ ಅದು.

ಆದ್ದರಿಂದ ಆ ಫೋನ್ ಎತ್ತುವ ವ್ಯಕ್ತಿಗೆ ಹೇಳಿ. ಸಂಪಾದಕರೋ, ಬ್ಯೂರೋ ಮುಖ್ಯಸ್ಥರೋ, ಸುದ್ದಿ ಸಂಪಾದಕರೋ, ನಿಮ್ಮ ಸಂಸ್ಥೆಯಲ್ಲಿ ಅದು ಯಾರು ಅಂತ ನಿಮಗೇ ಗೊತ್ತು. ಅವರಿಗೆ ಮೊದಲೇ ಗೊತ್ತಿದ್ದರೆ ಆ ಫೋನಿಗೆ ಬೆಲೆ ಇಲ್ಲ. ‘ಗೊತ್ತು, ಸುದ್ದಿಯಲ್ಲಿ ತಪ್ಪೇನಿದೆ ಹೇಳಿ’ ಅಂತ ಅವರು ಕೇಳಿದ ಕೂಡಲೇ ಆ ಕಡೆಯವನ ಕೈಯಲ್ಲಿದ್ದಿದ್ದು ಖಾಲಿ. ಗೆಳೆಯರಂತೆ ಹೆಗಲ ಮೇಲೆ ಕೈ ಹಾಕುವ ಸಹೋದ್ಯೋಗಿಗೆ ಮೊದಲು ಹೇಳಬೇಕು ಅನಿಸುತ್ತದೆ, ಅದು ಸಹಜ. ಆದರೆ ನಿಮ್ಮನ್ನು ಉಳಿಸುವ ಶಕ್ತಿ ಅವರಿಗೆ ಇಲ್ಲ. ಅವರಿಗೆ ಆಮೇಲೆ ಹೇಳಿ.

ಅದಕ್ಕೂ ಮುಂಚೆ ಮಾಡಿಕೊಳ್ಳಬೇಕಾದ ತಯಾರಿ ಇದೆ. ನಿಮಗೆ ನೇಮಕಾತಿ ಪತ್ರ ಇದೆಯಾ? ಸಂಬಳ ಬ್ಯಾಂಕಿಗೆ ಬರುತ್ತದಾ, ಕವರ್‌ನಲ್ಲಿ ಬರುತ್ತದಾ? ಜಿಲ್ಲೆಗಳಲ್ಲಿ ಎಷ್ಟೋ ಜನ ಐಡಿ ಕಾರ್ಡ್ ಒಂದೇ ಆಧಾರ ಅಂತ ವರ್ಷಗಟ್ಟಲೆ ದುಡಿಯುತ್ತಾರೆ. ಪತ್ರ ಇಲ್ಲದಿದ್ದರೆ ಮೊದಲು ಅದನ್ನು ಕೇಳಿ ಪಡೆಯಿರಿ, ಬೇರೆ ಯಾವ ಕಾರಣವೂ ಹೇಳದೆ. ನಿಮ್ಮ ಬೈಲೈನ್, ಅಂದ್ರೆ ವರದಿಗಾರನಾಗಿ ನಿಮ್ಮ ಹೆಸರು, ಇರುವ ಪುಟಗಳ ಪಿಡಿಎಫ್, ನೀವು ಓದಿದ ಬುಲೆಟಿನ್‌ಗಳ ಪ್ರತಿ, ಎಲ್ಲವನ್ನೂ ನಿಮ್ಮ ಸ್ವಂತ ಜಾಗದಲ್ಲಿ ಇಟ್ಟುಕೊಳ್ಳಿ. ಚಾನೆಲ್‌ನವರು ವಿಡಿಯೋ ತೆಗೆದುಹಾಕಿದರೆ ನಿಮ್ಮ ಕೆಲಸದ ಸಾಕ್ಷಿಯೇ ಹೋಗಿಬಿಡುತ್ತದೆ. ಎರಡು ಮೂರು ತಿಂಗಳ ಖರ್ಚಿಗೆ ಆಗುವಷ್ಟು ದುಡ್ಡು ಕೈಯಲ್ಲಿರಲಿ.

ಇದನ್ನೆಲ್ಲ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದ್ರೆ, ಕಾನೂನು ನಿಮ್ಮ ಬೆನ್ನಿಗೆ ಪೂರ್ತಿ ನಿಂತಿಲ್ಲ. 2018ರ ತೀರ್ಪಿನಲ್ಲಿ ಲೈಂಗಿಕ ಒಲವಿನ ಕಾರಣಕ್ಕೆ ತಾರತಮ್ಯ ಮಾಡೋದು ಸಂವಿಧಾನಕ್ಕೆ ವಿರುದ್ಧ ಅಂತ ಇದೆ ನಿಜ. ಆದರೆ ಅದು ಮುಖ್ಯವಾಗಿ ಸರ್ಕಾರದ ಕೈ ಕಟ್ಟುತ್ತದೆ. ಖಾಸಗಿ ಸಂಸ್ಥೆಯೊಂದು ಸಲಿಂಗಿ ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆಯಬಾರದು ಅಂತ ನೇರವಾಗಿ ಹೇಳುವ ಕಾಯ್ದೆ ನಮ್ಮಲ್ಲಿ ಇನ್ನೂ ಬಂದಿಲ್ಲ. ಬರಬೇಕು. ಟ್ರಾನ್ಸ್ ವ್ಯಕ್ತಿಗಳಿಗೆ ಇದೆ. 2019ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಯಾವ ಸಂಸ್ಥೆಯೂ ನೇಮಕದಲ್ಲಿ, ಬಡ್ತಿಯಲ್ಲಿ ಅವರಿಗೆ ತಾರತಮ್ಯ ಮಾಡುವ ಹಾಗಿಲ್ಲ. 11ನೇ ಸೆಕ್ಷನ್ ಪ್ರಕಾರ ದೂರು ಕೇಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಪತ್ರಿಕಾ ಕಚೇರಿಯೂ ಸಂಸ್ಥೆಯೇ. ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಶೇ 1ರಷ್ಟು ಮೀಸಲಾತಿಯನ್ನೂ ಕೊಟ್ಟಿತು, ದೇಶದಲ್ಲೇ ಮೊದಲು. ಲೈಂಗಿಕ ಕಿರುಕುಳದ 2013ರ ಕಾಯ್ದೆ ಮಾತ್ರ ಹೆಣ್ಣುಮಕ್ಕಳು ಕೊಡುವ ದೂರಿಗಷ್ಟೇ. ನಿಮ್ಮ ಸಂಸ್ಥೆಯ ಒಳ ನಿಯಮದಲ್ಲಿ ಎಲ್ಲರಿಗೂ ಅನ್ವಯ ಅಂತ ಬರೆದಿದ್ದರೆ ಮಾತ್ರ ನೀವೂ ಸಂಸ್ಥೆಯ ದೂರು ಸಮಿತಿಗೆ ಹೋಗಬಹುದು. ಒಮ್ಮೆ ಆ ನಿಯಮದ ಪ್ರತಿ ಕೇಳಿ ಓದಿಕೊಳ್ಳಿ.

ಹೇಳುವ ದಿನ ಯಾವುದು ಅಂದ್ರೆ, ಚುನಾವಣೆ ಹೊತ್ತಲ್ಲಿ ಬೇಡ, ಹಾಸನಾಂಬೆ ಬಾಗಿಲು ತೆಗೆದಿರುವ ದಿನಗಳಲ್ಲಂತೂ ಬೇಡ. ಆಗ ಯಾರಿಗೂ ಉಸಿರಾಡಲು ಪುರುಸೊತ್ತಿರಲ್ಲ. ಬೆಳಿಗ್ಗೆ ಹೊತ್ತು, ಎದುರಿಗೆ ಕೂತು ಹೇಳಿ. ವಾಟ್ಸಾಪ್‌ನಲ್ಲಿ ಬರೆಯಬೇಡಿ, ಬರೆದಿದ್ದು ಸ್ಕ್ರೀನ್‌ಶಾಟ್ ಆಗುತ್ತದೆ. ಇಷ್ಟೇ ಹೇಳಿ: ‘ಸರ್, ಒಂದು ವಿಷಯ ನಿಮಗೆ ನನ್ನ ಬಾಯಿಂದಲೇ ಗೊತ್ತಾಗಲಿ ಅಂತ ಬಂದೆ. ನಾನು ಗೇ. ಕೆಲಸಕ್ಕೆ ಇದರಿಂದ ಏನೂ ವ್ಯತ್ಯಾಸ ಇಲ್ಲ. ಯಾರಾದರೂ ಇದನ್ನೇ ಹಿಡ್ಕೊಂಡು ನಿಮಗೆ ಫೋನ್ ಮಾಡಿದರೆ ನೀವು ಗಾಬರಿ ಆಗಬಾರದು. ಬೇರೆಯವರಿಗೆ ಹೇಳೋದು ಬಿಡೋದು ನನಗೆ ಬಿಡಿ.’ ಕ್ಷಮೆ ಕೇಳಬೇಡಿ, ‘ದಯವಿಟ್ಟು ಅರ್ಥ ಮಾಡಿಕೊಳ್ಳಿ’ ಅಂತ ಗೋಗರೆಯಬೇಡಿ. ಅವರು ಸುಮ್ನೆ ತಲೆ ಆಡಿಸಿ ‘ಸರಿ, ಇವತ್ತು ಏನು ಸುದ್ದಿ’ ಅಂತ ಕೇಳಿದರೆ ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆಯ ಹಿರಿಯರು ಒಪ್ಪಿಗೆ ಕೊಡುವ ರೀತಿಯೇ ಬಹಳ ಸಲ ಹಾಗಿರುತ್ತದೆ.

ಅವರು ಕೆಟ್ಟದಾಗಿ ನಡೆದುಕೊಂಡರೆ? ನಿಮ್ಮ ಬೀಟ್ (ನೀವು ವರದಿ ಮಾಡುವ ಕ್ಷೇತ್ರ) ಬದಲಾಯಿತು, ಕ್ಯಾಮೆರಾ ಮುಂದೆ ಕೂರಿಸೋದು ನಿಂತಿತು ಅಂತಾದರೆ ತಾರೀಕು ಸಮೇತ ಬರೆದಿಟ್ಟುಕೊಳ್ಳಿ. ಯಾಕೆ ಬದಲಾಯಿಸಿದಿರಿ ಅಂತ ಮೇಲ್‌ನಲ್ಲಿ ವಿನಯವಾಗಿ ಕೇಳಿ. ಆಮೇಲೆ ವಕೀಲರ ಹತ್ತಿರ ಹೋಗಬೇಕಾಗಿ ಬಂದರೆ ಆ ಮೇಲ್ ಕೆಲಸಕ್ಕೆ ಬರುತ್ತದೆ.

ತಮಾಷೆ ಮಾಡುವ ಸಹೋದ್ಯೋಗಿಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಗಬೇಡಿ. ಅವರ ಜೊತೆ ಸೇರಿ ನಕ್ಕರೆ ಅದು ಪರವಾನಗಿ ಆಗುತ್ತದೆ. ‘ಈ ಮಾತು ನನಗೆ ಇಷ್ಟ ಆಗಲ್ಲ’ ಅಂತ ಒಂದೇ ವಾಕ್ಯ, ದನಿ ಏರಿಸದೆ ಹೇಳಿ ಕೆಲಸಕ್ಕೆ ತಿರುಗಿ. ಯೂಟ್ಯೂಬ್ ಕಾಮೆಂಟ್‌ಗಳಿಗೆ ಬೇರೆ ದಾರಿ ಇದೆ. ಯೂಟ್ಯೂಬ್ ಸ್ಟುಡಿಯೋದಲ್ಲಿ ಬೇಡದ ಪದಗಳ ಪಟ್ಟಿ ಹಾಕಿದರೆ ಅಂಥ ಪದ ಇರುವ ಕಾಮೆಂಟ್ ಹೊರಗೆ ಕಾಣದೆ ತಡೆಯಲ್ಪಡುತ್ತದೆ. ಬೈಗುಳಗಳನ್ನು ಕನ್ನಡ ಅಕ್ಷರದಲ್ಲೂ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹಾಗೂ, ಎರಡೂ ರೀತಿ ಸೇರಿಸಿ. ಸುದ್ದಿ ಓದುವ ಹೆಣ್ಣುಮಕ್ಕಳಿಗೂ ಇದರಿಂದ ನೆಮ್ಮದಿ ಸಿಗುತ್ತದೆ, ಹಾಗಾಗಿ ಅವರೆಲ್ಲರ ಪರವಾಗಿ ಕೇಳಿ ಮಾಡಿಸಿ.

‘ನೀನೇ ಅಂಥವನು, ಅಂಥ ಸುದ್ದಿ ಬರೆದರೆ ಪಕ್ಷಪಾತ ಆಗಲ್ವಾ’ ಅಂತ ಯಾರಾದರೂ ಒಂದು ದಿನ ಕೇಳಿಯೇ ಕೇಳುತ್ತಾರೆ. ನಮ್ಮ ಎರಡು ಜಿಲ್ಲೆಗಳಲ್ಲಿ ಕಾಫಿ ಬೆಲೆ ಬಗ್ಗೆ ಬರೆಯುವ ಎಷ್ಟು ಪತ್ರಕರ್ತರ ಮನೆಯಲ್ಲಿ ತೋಟ ಇಲ್ಲ? ಆನೆ ದಾಳಿ ಬಗ್ಗೆ ಬರೆಯುವವರ ಗದ್ದೆಗೇ ಆನೆ ಬಂದಿರುತ್ತದೆ. ಅವರ ಸುದ್ದಿ ಚೆನ್ನಾಗಿರೋದೇ ಅದಕ್ಕೆ, ಒಳಗಿನ ಕಷ್ಟ ಗೊತ್ತಿದೆ ಅಂತ. ನಿಮಗೂ ಅದೇ ನ್ಯಾಯ. ಎರಡೂ ಕಡೆ ಮಾತಾಡಿಸಿ, ದಾಖಲೆ ನೋಡಿ, ಬರೆಯಿರಿ.

ಆದರೆ ಅದೊಂದನ್ನೇ ಬರೆಯುವವರಾಗಿ ಉಳಿಯಬೇಡಿ. ಪ್ರೈಡ್ ಮೆರವಣಿಗೆ ಬಂದರೆ ನಿಮಗೆ, ಟ್ರಾನ್ಸ್ ದಿನಾಚರಣೆ ಬಂದರೆ ನಿಮಗೆ ಅಂತ ಕೊಡಲು ಶುರು ಮಾಡುತ್ತಾರೆ, ಪ್ರೀತಿಯಿಂದಲೇ ಕೊಡುತ್ತಾರೆ. ಕೇರಳದಲ್ಲಿ 2019ರಲ್ಲಿ ಹೈದಿ ಸಾದಿಯಾ ಕೈರಳಿ ನ್ಯೂಸ್ ಸೇರಿದಾಗ ಟ್ರಾನ್ಸ್ ಪತ್ರಕರ್ತೆ ಅಂತ ಎಲ್ಲ ಕಡೆ ಸುದ್ದಿಯಾಯಿತು. ಸೇರಿದ ಹೊಸದರಲ್ಲೇ ಅವರು ಮಾಡಿದ್ದು ಚಂದ್ರಯಾನ-2ರ ವರದಿ. ನನಗೆ ಅದು ಬಹಳ ಇಷ್ಟವಾದ ಸಂಗತಿ. ಅದಕ್ಕೂ ಮುಂಚೆ 2014ರ ಆಗಸ್ಟ್ 15ರಂದು ಕೊಯಮತ್ತೂರಿನ ಲೋಟಸ್ ಟಿವಿಯಲ್ಲಿ ಪದ್ಮಿನಿ ಪ್ರಕಾಶ್ ಸುದ್ದಿ ಓದಿದರು. ತಮಿಳಿನಲ್ಲೇ 2008ರಲ್ಲಿ ರೋಸ್ ವೆಂಕಟೇಶನ್ ವಿಜಯ್ ಟಿವಿಯಲ್ಲಿ ಕಾರ್ಯಕ್ರಮ ನಡೆಸಿಕೊಟ್ಟಿದ್ದರು. ನಮ್ಮ ಬೆಂಗಳೂರಿನ ಸಮುದಾಯ ರೇಡಿಯೋ, 90.4ರ ರೇಡಿಯೋ ಆಕ್ಟಿವ್‌ನಲ್ಲಿ ಪ್ರಿಯಾಂಕಾ ದಿವಾಕರ್ ಕನ್ನಡದಲ್ಲಿ ಆರ್‌ಜೆ ಆಗಿ ಮಾತಾಡಿದರು. ಪತ್ರಕರ್ತ ಅಶೋಕ್ ರಾವ್ ಕವಿ 1986ರಲ್ಲೇ ಒಂದು ಪತ್ರಿಕೆಯ ಸಂದರ್ಶನದಲ್ಲಿ ತಾನು ಸಲಿಂಗಿ ಅಂತ ಹೇಳಿಕೊಂಡರು, 1990ರಲ್ಲಿ ಮುಂಬೈಯಿಂದ ‘ಬಾಂಬೆ ದೋಸ್ತ್’ ಅನ್ನೋ ಸಲಿಂಗಿಗಳ ಪತ್ರಿಕೆ ಶುರು ಮಾಡಿದರು.

ಈ ಹೆಸರುಗಳಲ್ಲಿ ಟ್ರಾನ್ಸ್ ಮಹಿಳೆಯರೇ ಜಾಸ್ತಿ ಇರೋದನ್ನ ಗಮನಿಸಿ. ಅವರಿಗೆ ಮುಚ್ಚಿಡುವ ಅವಕಾಶ ಕಡಿಮೆ, ಹಾಗಾಗಿ ದಾರಿ ಮಾಡಿದ್ದು ಅವರು, ಏಟು ತಿಂದಿದ್ದೂ ಅವರು. ನಮ್ಮಂಥ ಸಲಿಂಗಿ ಗಂಡಸರು, ಲೆಸ್ಬಿಯನ್ ಹೆಣ್ಣುಮಕ್ಕಳು ಕನ್ನಡದ ಡೆಸ್ಕ್‌ಗಳಲ್ಲಿ ಮೊದಲಿಂದಲೂ ಇದ್ದೇವೆ, ಪುಟ ಕಟ್ಟಿದ್ದೇವೆ, ಪುರವಣಿ ಮಾಡಿದ್ದೇವೆ, ಯಾರಿಗೂ ಹೇಳದೆ. ನಿಮ್ಮ ಮುಂದೆ ಹೆಸರು ಹೇಳಿ ತೋರಿಸಬಹುದಾದ ಕನ್ನಡದ ಸಲಿಂಗಿ ವರದಿಗಾರ ಇಲ್ಲ ಅಂತ ನಿಮಗೆ ಅನಿಸುತ್ತಿದ್ದರೆ ಅದಕ್ಕೆ ಕಾರಣ ಇದು. ಈ ಕೆಲಸ ನಿಮ್ಮಂಥವರಿಗಲ್ಲ ಅನ್ನೋ ಪ್ರಶ್ನೆಗೂ ನನ್ನ ಉತ್ತರ ಇದೇ. ಇದು ನಿಮ್ಮಂಥವರು ಈಗಾಗಲೇ ಮಾಡುತ್ತಿರುವ ಕೆಲಸ.

ಬೆಂಗಳೂರಿನ ವಿಷಯ. ಹಾಸನದಿಂದ ರೈಲಿನಲ್ಲಿ ಮೂರು ನಾಲ್ಕು ಗಂಟೆ. ಸದ್ಯಕ್ಕೆ ಕೆಲಸ ಇಲ್ಲೇ ಇರಲಿ, ಸ್ನೇಹಿತರು ಅಲ್ಲಿರಲಿ. ‘ಗುಡ್ ಆ್ಯಸ್ ಯೂ’ ಅನ್ನುವ ನಮ್ಮಂಥವರ ಬಳಗ 1994ರಲ್ಲಿ ಶುರುವಾಗಿದ್ದು, ಸಂಗಮ ಸಂಸ್ಥೆ 1999ರಲ್ಲಿ. ಪ್ರೈಡ್ ಮೆರವಣಿಗೆ 2008ರಿಂದ ನಡೆಯುತ್ತಿದೆ. ರಜೆ ದಿನ ಹೋಗಿ ನಿಮ್ಮಂಥವರ ಜೊತೆ ಒಂದು ಊಟ ಮಾಡಿ ಬನ್ನಿ, ಎಷ್ಟೋ ಭಾರ ಇಳಿಯುತ್ತದೆ. ಮೆರವಣಿಗೆಯಲ್ಲಿ ಮಾತ್ರ ನಮ್ಮ ವೃತ್ತಿಯವರದ್ದೇ ಕ್ಯಾಮೆರಾ ಇರುತ್ತದೆ ಅನ್ನೋದು ನೆನಪಿರಲಿ. ಮನೆಯಲ್ಲಿ ಹೇಳಿಲ್ಲದವರು ಅದನ್ನು ಯೋಚಿಸಿ ಹೋಗಬೇಕು. ಬೆಂಗಳೂರಿಗೆ ಕೆಲಸಕ್ಕೆ ಅಂತ ಹೋಗುವುದಾದರೆ ಇಲ್ಲಿಗಿಂತ ಒಳ್ಳೆ ಹುದ್ದೆಗೆ ಹೋಗಿ. ಹೆದರಿಕೊಂಡು ಹೋದವರು ಸಿಕ್ಕಿದ್ದಕ್ಕೆ ಒಪ್ಪಿಕೊಂಡು, ಬಾಡಿಗೆಗೂ ಸಾಲದ ಸಂಬಳಕ್ಕೆ ರಾತ್ರಿ ಪಾಳಿ ಮಾಡೋದನ್ನ ನೋಡಿದ್ದೇನೆ.

ಡೇಟಿಂಗ್ ಆ್ಯಪ್ ಬಳಸುತ್ತಿದ್ದರೆ ಒಂದು ಎಚ್ಚರಿಕೆ. ತೆರೆಯ ಮೇಲೆ ಕಾಣುವ ಮುಖ ನಿಮ್ಮದು, ಗುರುತು ಹಿಡಿದು ಬೆದರಿಸುವವರು ಇದ್ದಾರೆ. ಹಾಗೆ ಆದರೆ ಒಂದು ರೂಪಾಯಿಯೂ ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ, ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬೆದರಿಸಿ ದುಡ್ಡು ಕೀಳೋದು ನ್ಯಾಯ ಸಂಹಿತೆಯ 308ನೇ ಸೆಕ್ಷನ್‌ನಲ್ಲಿ ಅಪರಾಧ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಠಾಣೆಗೆ ಒಬ್ಬರೇ ಹೋಗಬೇಡಿ, ವಕೀಲರ ಜೊತೆ ಹೋಗಿ.

ಮನೆಯವರಿಗೆ ಯಾವಾಗ ಹೇಳಬೇಕು ಅಂತ ನೀವು ಕೇಳಿಲ್ಲ, ನಾನೂ ಹೇಳಲ್ಲ. ಒಂದು ಮಾತು ಗೊತ್ತಿರಲಿ. ವಿಷಯ ತಿಳಿದು ‘ಸರಿ ಮಾಡಿಸೋಣ’ ಅಂತ ಯಾವುದಾದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ಅಂಥ ಚಿಕಿತ್ಸೆ ಕೊಡೋದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮನಸ್ಸು ತೀರಾ ಕುಗ್ಗಿದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಗೆ ಗೆಳೆಯನ ಜೊತೆ ಮನೆ ಮಾಡುವ ವಿಷಯ. ಮದುವೆಯ ಹಕ್ಕು ಸದ್ಯಕ್ಕಿಲ್ಲ, 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅದನ್ನು ಕೊಡಲಿಲ್ಲ. ಒಟ್ಟಿಗೆ ಇರೋದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಇಬ್ಬರು ಗಂಡಸರಿಗೆ ಬಾಡಿಗೆ ಮನೆ ಸಿಗೋದು ಕಷ್ಟವಲ್ಲ, ರೂಮ್‌ಮೇಟ್ ಅಂತಲೇ ಕೊಡುತ್ತಾರೆ. ಕರಾರು ಪತ್ರದಲ್ಲಿ ಇಬ್ಬರ ಹೆಸರೂ ಇರಲಿ, ಮನೆ ಓನರ್ ಒಬ್ಬರನ್ನು ಹೊರಗೆ ಕಳಿಸುವ ಹಾಗಾಗಬಾರದು. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಿರಿ, ಅವನನ್ನು ನಾಮಿನಿ ಮಾಡಿ. ಇದಕ್ಕೆ ಯಾವ ನಿರ್ಬಂಧವೂ ಇಲ್ಲ ಅಂತ ಕೇಂದ್ರ ಹಣಕಾಸು ಸೇವೆಗಳ ಇಲಾಖೆ 2024ರ ಆಗಸ್ಟ್ 28ರಂದು ಸ್ಪಷ್ಟ ಮಾಡಿದೆ. ಶಾಖೆಯಲ್ಲಿ ಗೊತ್ತಿಲ್ಲ ಅಂದರೆ ಅದರ ಪ್ರತಿ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ ಮ್ಯಾನೇಜರಿಗೆ ತೋರಿಸಿ.